ಠಾಣೆಯ ಮುಂದೆ ಖೋ-ಖೋ

ಇವತ್ತು ಬೆಳಿಗ್ಗೆ ದಿಲ್‌ಸುಖ್‌ನಗರದ ನಮ್ಮ ಮನೆಯ ಹಿಂದಿನ ಮೈದಾನದ ಪಕ್ಕ ನಡೆದು ಹೋಗುತ್ತಿದ್ದೆ. ನನ್ನ ವಾಕಿಂಗ್ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ವೈದ್ಯರು ಮೈದಾನಕ್ಕೆ ನಾಲ್ಕು ಸುತ್ತು ಎಂದಿದ್ದಾರೆ. ನನ್ನ ಕಾಲು ಇಡ್ಲಿ ಬಂಡಿಯ ಹತ್ತಿರ ತಾನಾಗಿಯೇ ನಿಂತುಬಿಡುತ್ತದೆ. ಇಂದು ಯಾವುದೋ ಕೋಚಿಂಗ್ ಸೆಂಟರಿನವರ ಆಟದ ದಿನವಿರಬೇಕು, ಒಬ್ಬಾತ ಬುಟ್ಟಿಯಿಂದ ಸುಣ್ಣದ ಪುಡಿ ಬಿಡುತ್ತಾ ಗೆರೆ ಎಳೆಯುತ್ತಿದ್ದ. ಗಾಳಿ ಈ ಕಡೆ ತಿರುಗಿ ಪುಡಿ ಮೂಗಿಗೆ ಬಂತು. ಒಣಮಣ್ಣಿನ ಮೇಲೆ ಬಿದ್ದ ಸುಣ್ಣಕ್ಕೆ ಒಂದು ಬಗೆಯ ಘಾಟು ಇರುತ್ತದೆ, ಗಂಟಲನ್ನು ಸಣ್ಣಗೆ ಕೆರೆಯುವಂಥದು. ಎರಡು ಸಲ ಸೀನಿದೆ. ಮೂರನೆಯ ಸೀನು ಬರುವ ಮೊದಲೇ ಯಾಕೂಬ್ ಮಾಸ್ತರು ನೆನಪಾಗಿಬಿಟ್ಟರು.

ಇಡ್ಲಿ ಆಮೇಲೆ ತಿಂದರಾಯಿತು. ಬನ್ನಿ, ಈ ಕಟ್ಟೆಯ ಮೇಲೆ ಕೂತು ಅವರ ಸುದ್ದಿ ಹೇಳುತ್ತೇನೆ.

ನಮ್ಮದು ಗುಲ್ಬರ್ಗ ಕಡೆಯ ಮನೆತನ. ರಾಜ್ಯಗಳ ವಿಂಗಡಣೆಯಾಗಿ ಗುಲ್ಬರ್ಗ ಮೈಸೂರಿನ ಪಾಲಿಗೆ ಹೋದಾಗ ಅಪ್ಪ ತಮ್ಮ ಫೈಲುಗಳ ಜೊತೆ ಹೈದರಾಬಾದಿನಲ್ಲೇ ಉಳಿದರು. ಊರು ಆಂಧ್ರಪ್ರದೇಶದ ರಾಜಧಾನಿಯಾಯಿತು, ಅಪ್ಪ ಆಂಧ್ರಪ್ರದೇಶದ ಗುಮಾಸ್ತರಾದರು, ಮನೆಯೊಳಗಿನ ಜೋಳದ ರೊಟ್ಟಿ ಮಾತ್ರ ಯಾವ ಸರಕಾರಕ್ಕೂ ಜಗ್ಗಲಿಲ್ಲ. ಮಾಸಾಬ್ ಟ್ಯಾಂಕಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ನಾನು ಹೋಗುತ್ತಿದ್ದದ್ದು ಕನ್ನಡ ಶಾಲೆಗೆ. ಅಂಗಳದಲ್ಲಿ ಕನ್ನಡ, ಗೇಟು ದಾಟಿದರೆ ಉರ್ದು, ಬಸ್ಸಿನಲ್ಲಿ ತೆಲುಗು. ನಾವು ಹುಡುಗಿಯರು ಮೂರನ್ನೂ ಕಲಸಿ ಆಡುತ್ತಿದ್ದೆವು. ಜಗಳಕ್ಕೆ ಯಾವುದು ಒಗ್ಗುತ್ತದೋ ಅದನ್ನು ಎತ್ತಿಕೊಳ್ಳುತ್ತಿದ್ದೆವು.

ಯಾಕೂಬ್ ಮಾಸ್ತರು ಆ ಶಾಲೆಯ ಆಟದ ಮೇಷ್ಟ್ರು. ಒಂದು ಕಾಲಕ್ಕೆ ಹೆಸರಾದ ಫುಟ್‌ಬಾಲ್ ಆಟಗಾರರಂತೆ. ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಪಾಲಿಗೆ ಬಂದರು. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ಯಾಕೆ ತೆಗೆದುಕೊಂಡಿರಿ ಎಂದು ಕಮಿಟಿಯವರು ಕೇಳಿದಾಗ ಹೆಡ್‌ಮಾಸ್ತರರು, "ಶಿಳ್ಳೆಗೆ ಯಾವ ಭಾಷಾ ಐತ್ರಿ?" ಎಂದಿದ್ದರಂತೆ. ಮಾಸ್ತರು ನಮ್ಮಿಂದಲೇ ಕನ್ನಡ ಕಲಿತರು. ಆದರೆ ಮರ್ಯಾದೆಯ ಲೆಕ್ಕ ಅವರಿಗೆ ಕೊನೆಯವರೆಗೂ ಹತ್ತಲಿಲ್ಲ. ಹದಿನಾಲ್ಕು ವರ್ಷದ ನಮ್ಮನ್ನು ದೊಡ್ಡ ಮನೆಯ ಹೆಂಗಸರನ್ನು ಕರೆಯುವಂತೆ "ಓಡ್ರಿ ಬಾಯಾರ, ಎದ್ದೇಳ್ರಿ ಬಾಯಾರ" ಎನ್ನುತ್ತಿದ್ದರು, ಹೆಡ್‌ಮಾಸ್ತರರಿಗೆ "ನೀ ಚಾ ಕುಡದಿ?" ಎನ್ನುತ್ತಿದ್ದರು. ಎರಡೂ ಕಡೆಯವರು ಸಹಿಸಿಕೊಂಡೆವು. ನಮಗಂತೂ ಅದು ಸಹಿಸುವ ಮಾತೇ ಆಗಿರಲಿಲ್ಲ. ಮನೆಯಲ್ಲಿ ಯಾರು ನಮ್ಮನ್ನು ಬಾಯಾರ ಅನ್ನುತ್ತಿದ್ದರು?

ಅವರ ಮನೆ ಎ.ಸಿ. ಗಾರ್ಡ್ಸ್ ಮೊಹಲ್ಲಾದಲ್ಲಿ. ಆ ಹೆಸರು ಕೇಳಿದ ಹೊಸಬರು ತಂಪು ಯಂತ್ರದ ಕಾರ್ಖಾನೆ ಇದೆಯೇನೋ ಎಂದುಕೊಳ್ಳುತ್ತಾರೆ. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್. ನಿಜಾಮರ ಸಾರೋಟಿನ ಹಿಂದೆ ಮುಂದೆ ಕುದುರೆಯ ಮೇಲೆ ಸಾಗುತ್ತಿದ್ದ ಕಾವಲು ಪಡೆ. ಸಮುದ್ರದಾಚೆಯಿಂದ ಬಂದ ಆ ಸಿದ್ದಿ ಸವಾರರ ಮಕ್ಕಳು, ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿಯ ದಖ್ಖನಿ ಮಾತಾಡುತ್ತ, ಇಲ್ಲಿಯ ಮದುವೆಗಳಿಗೆ ಮರ್ಫಾ ಡೋಲು ಬಾರಿಸುತ್ತ ಬೆಳೆದವರು. ಆದರೂ ಮಾಸ್ತರರ ಕಪ್ಪು ಮೈಬಣ್ಣ, ಬಿಗಿಯಾದ ಗುಂಗುರು ಕೂದಲು ನೋಡಿ ಬಸ್ಸಿನಲ್ಲಿ ಯಾರಾದರೂ ಯಾವ ದೇಶದವರು ಎಂದು ಕೇಳಿಯೇ ಕೇಳುತ್ತಿದ್ದರು. ಅವರು ಗಂಭೀರವಾಗಿ, "ಮಾಸಾಬ್ ಟ್ಯಾಂಕ್ ದೇಶ" ಎನ್ನುತ್ತಿದ್ದರು.

ಅದು ಜನವರಿ. ನಾಂಪಲ್ಲಿಯಲ್ಲಿ ನುಮಾಯಿಷ್ ನಡೆದಿತ್ತು. ಇಡೀ ಊರು ಸಂಜೆಯಾದರೆ ಆ ಪ್ರದರ್ಶನದ ಮೈದಾನಕ್ಕೆ ಹರಿಯುತ್ತಿತ್ತು. ಅಂದು ನಮಗೆ ಮಾತ್ರ ಹೋಗುವ ಪುಣ್ಯವಿರಲಿಲ್ಲ, ಯಾಕೆಂದರೆ ಮರುದಿನ ಶಾಲೆ-ಶಾಲೆಗಳ ನಡುವಿನ ಖೋ-ಖೋ ಪಂದ್ಯ. ಮಧ್ಯಾಹ್ನವೆಲ್ಲ ಅಭ್ಯಾಸ ಮಾಡಿ ಮಾಸ್ತರರ ಜೊತೆ ತಿರುಗಿ ಬರುತ್ತಿದ್ದೆವು. ಅವರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು, ಹಿಂದಿನ ಕ್ಯಾರಿಯರಿನಲ್ಲಿ ಸುಣ್ಣದ ಚೀಲ. ನಮ್ಮ ಕ್ಯಾಪ್ಟನ್ ಸರೋಜಾ, ಬೇಗಂ ಬಜಾರಿನ ಬಟ್ಟೆ ವ್ಯಾಪಾರಿಯ ಮಗಳು, ಎದುರು ತಂಡದವರನ್ನು ಹೇಗೆ ಅಳಿಸಬೇಕೆಂದು ವಿವರಿಸುತ್ತಿದ್ದಳು.

ಜೀಪು ಬಂದು ಪಕ್ಕದಲ್ಲಿ ನಿಂತಿತು. ಇಬ್ಬರು ಪೊಲೀಸರು ಇಳಿದರು. ಹೆಸರು ಕೇಳಲಿಲ್ಲ, ಎಲ್ಲಿಂದ ಬಂದೆ ಎಂದು ಕೇಳಲಿಲ್ಲ. ಒಬ್ಬ ಮಾಸ್ತರರ ಅಂಗಿಯ ಕೊರಳಪಟ್ಟಿ ಹಿಡಿದು "ಚಲ್" ಎಂದ. ಸೈಕಲ್ ಬಿದ್ದು ಚೀಲ ಒಡೆದು ರಸ್ತೆಯೆಲ್ಲ ಬೆಳ್ಳಗಾಯಿತು. ದಾರಿ ಗೊತ್ತಿದ್ದವರಂತೆ ಮಾಸ್ತರು ತಾವೇ ಜೀಪಿನ ಹಿಂಬದಿಗೆ ನಡೆದರು. ಅದನ್ನು ನೋಡಿದಾಗ ನನಗೆ ಒಂದು ತಿಳಿಯಿತು: ಇದು ಅವರಿಗೆ ಹೊಸದಲ್ಲ.

"ನಮ್ಮ ಮಾಸ್ತರನ್ನ ಯಾಕ ಒಯ್ಯಾಕತ್ತೀರಿ?" ಸರೋಜಾ ಕನ್ನಡದಲ್ಲೇ ಕೂಗಿದಳು. ಸಿಟ್ಟಿನಲ್ಲಿ ಅವಳಿಗೆ ಬೇರೆ ಭಾಷೆ ಹೊಳೆಯಲಿಲ್ಲ.

ಪೊಲೀಸನಿಗೆ ಅರ್ಥವಾಯಿತೋ ಏನೋ, ತೆಲುಗಿನಲ್ಲಿ ಹೇಳಿದ: ನುಮಾಯಿಷಿನಲ್ಲಿ ಇವತ್ತು ಮಧ್ಯಾಹ್ನ ಒಬ್ಬ ಹೆಂಗಸಿನ ಕೊರಳ ಸರ ಕಿತ್ತಿದ್ದಾರೆ, ಕಿತ್ತವನು ಕಪ್ಪಗಿದ್ದ, ಗುಂಗುರು ಕೂದಲು. ಅಷ್ಟು ಹೇಳಿ ಹೋದ. ಆ ವರ್ಣನೆಗೆ ಒಂದಿಡೀ ಮೊಹಲ್ಲಾ ಹೊಂದುತ್ತಿತ್ತು ಎನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಮಾಸ್ತರು ಮಧ್ಯಾಹ್ನವೆಲ್ಲ ನಮ್ಮ ಜೊತೆಗಿದ್ದರು ಎಂದು ಹೇಳುವಷ್ಟರಲ್ಲಿ ಜೀಪು ತಿರುವು ದಾಟಿತ್ತು.

ಸರೋಜಾ ನೇರವಾಗಿ ಠಾಣೆಗೆ ಹೊರಟಳು, ಉಳಿದವರು ಅವಳ ಹಿಂದೆ. ನಾನು ಮಾತ್ರ ಮನೆಗೆ ಓಡಿದೆ. ನನ್ನ ಧೈರ್ಯಕ್ಕೆ ಮೊದಲಿನಿಂದಲೂ ಅಮ್ಮನ ಅಪ್ಪಣೆ ಬೇಕು. ಅಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ಆಗತಾನೆ ಕಚೇರಿಯಿಂದ ಬಂದು ಒಂದು ಕಾಲಿನ ಕಾಲುಚೀಲ ತೆಗೆದಿದ್ದರು. ನಾನು ಏದುಸಿರಿನಲ್ಲಿ ಎಲ್ಲ ಹೇಳಿದೆ. ಅಮ್ಮ ಮೊರ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಎಲ್ಲಿಗೆ ಹೊಂಟಿ?" ಅಪ್ಪ ಕೇಳಿದರು.

"ಮಾಸ್ತರನ್ನ ಬಿಡಸಾಕ."

"ತಿಳದ ಮಾತಾಡಾಕತ್ತೀ ಏನು? ನಾ ಸರಕಾರಿ ನೌಕರ. ನೀ ಪೊಲೀಸ್ ಠಾಣಾದ ಮುಂದ ನಿಂತರ ನನ್ನ ವರ್ಗಾ ಮಾಡಿ ಆ ತುದಿ ಶ್ರೀಕಾಕುಳಂಗೆ ಎತ್ತಿ ಒಗೀತಾರ."

"ಅಲ್ಲೂ ಜ್ವಾಳ ಸಿಗತಾವೇನ ಕೇಳ್ರಿ" ಎಂದು ಅಮ್ಮ ಚಪ್ಪಲಿ ಮೆಟ್ಟಿದಳು.

ಠಾಣೆಯ ಅಂಗಳದಲ್ಲಿ ಹುಡುಗಿಯರು ಗುಂಪಾಗಿ ನಿಂತಿದ್ದರು. ಕಾವಲಿನವನು ಹೋಗಿ ಹೋಗಿ ಎಂದು ಕೋಳಿಯನ್ನು ಓಡಿಸುವಂತೆ ಕೈಬೀಸುತ್ತಿದ್ದ. ನಮ್ಮನ್ನು ಕಂಡದ್ದೇ ಸರೋಜಾಗೆ ಹುರುಪು ಬಂತು. "ಸಾಲು ಹಿಡೀರಿ!" ಎಂದಳು. ಕೂತುಬಿಟ್ಟೆವು. ಖೋ-ಖೋದಲ್ಲಿ ಕೂರುವ ಹಾಗೆ ಒಬ್ಬಳ ಮುಖ ಠಾಣೆಯ ಕಡೆಗೆ, ಅವಳ ಪಕ್ಕದವಳದು ರಸ್ತೆಯ ಕಡೆಗೆ, ಅವಳ ಪಕ್ಕದವಳದು ಮತ್ತೆ ಠಾಣೆಯ ಕಡೆಗೆ. ಯಾರೂ ಯೋಚಿಸಿ ಮಾಡಿದ್ದಲ್ಲ. ಸಾಲಾಗಿ ಕೂರುವುದೆಂದರೆ ನಮಗೆ ಗೊತ್ತಿದ್ದದ್ದು ಅದೊಂದೇ ಬಗೆ.

ನನ್ನ ಮುಖ ರಸ್ತೆಯ ಕಡೆಗಿತ್ತು. ಹೀಗಾಗಿ ಹೋಗಿ ಬರುವವರಿಗೆ ಕಾರಣ ಹೇಳುವ ಕೆಲಸ ನನಗೆ ಬಿತ್ತು. ಸೈಕಲ್ ರಿಕ್ಷಾದವನಿಗೆ ಉರ್ದುವಿನಲ್ಲಿ, ಹೂವಿನವಳಿಗೆ ತೆಲುಗಿನಲ್ಲಿ, ನಮ್ಮದೇ ಶಾಲೆಯ ಒಬ್ಬ ತಾಯಿಗೆ ಕನ್ನಡದಲ್ಲಿ. ಮೊದಲ ಸಲ ಎರಡೇ ಮಾತಿನಲ್ಲಿ ಮುಗಿಸಿಬಿಟ್ಟೆ. ಆಮೇಲಾಮೇಲೆ ನನಗೇ ರುಚಿ ಹತ್ತಿತು, ಕೈ ಆಡಿಸತೊಡಗಿದೆ. ಜನ ಕೂಡಿದರು. ಬಸ್ಸೊಂದು ಮುಂದೆ ಹೋಗಲಾಗದೆ ನಿಂತು ಹಾರ್ನ್ ಹೊಡೆಯಿತು. ಆಗ ಒಳಗಿನವರಿಗೆ ನಾವು ಕೋಳಿಗಳಲ್ಲ ಎನ್ನುವುದು ತಿಳಿದಿರಬೇಕು.

ಅಷ್ಟರಲ್ಲಿ ಹೆಡ್‌ಮಾಸ್ತರರೂ ಕೋಟು ಹಾಕಿಕೊಂಡು ಬಂದರು. ಅವರು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಇನ್‌ಸ್ಪೆಕ್ಟರ್ ವರಾಂಡಕ್ಕೆ ಬಂದ. ನಯವಾದ ಮಾತಿನ ಮನುಷ್ಯ. ತೆಲುಗಿನಲ್ಲಿ ಹೇಳಿದ: "ಟೀಚರ್ ಅಂತ ಮೊದಲೇ ಹೇಳಬಾರದಿತ್ತೇ? ನಮ್ಮ ಹುಡುಗರಿಗೆ ಹೇಗೆ ಗೊತ್ತಾಗಬೇಕು? ಕರೆದುಕೊಂಡು ಹೋಗಿ." ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಾಸ್ತರು ಹೊರಬಂದರು. ಅಂಗಿಯ ಗುಂಡಿ ಕಿತ್ತಿತ್ತು, ಒಂದು ಕೆನ್ನೆ ಊದಿತ್ತು. ಅವರು ವರಾಂಡದ ಮೆಟ್ಟಿಲವರೆಗೆ ಬಂದು ಅಲ್ಲಿಯೇ ನಿಂತರು.

"ಬಾರೋ ಯಾಕೂಬ, ನಡಿ" ಎಂದರು ಹೆಡ್‌ಮಾಸ್ತರರು.

ಮಾಸ್ತರು ತಿರುಗಿ ಒಳಗೆ ನೋಡಿದರು. ಬಾಗಿಲಿನಿಂದ ನಮಗೂ ಕಾಣುತ್ತಿತ್ತು: ಗೋಡೆಗೆ ಒರಗಿಸಿ ನಾಲ್ವರನ್ನು ನೆಲದ ಮೇಲೆ ಕೂರಿಸಿದ್ದರು. ಇಬ್ಬರು ಮಾಸ್ತರರ ಮೊಹಲ್ಲಾದವರು. ಇನ್ನಿಬ್ಬರು ನಾಂಪಲ್ಲಿ ಸ್ಟೇಷನ್ನಿನ ಹಿಂದೆ ಗುಡಾರ ಹಾಕಿಕೊಂಡಿದ್ದ ಪಾರ್ಧಿಗಳು, ಊರೂರು ಅಲೆಯುವ ಜಾತಿಯವರು.

ಮಾಸ್ತರು ಮೊದಲು ಉರ್ದುವಿನಲ್ಲಿ ಇನ್‌ಸ್ಪೆಕ್ಟರಿಗೆ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, ನಾವು ಅದನ್ನು ಕೇಳಲೇಬೇಕು ಎನ್ನುವ ಹಾಗೆ.

"ಬಾಯಾರ, ನನ್ನ ಯಾಕ ಬಿಟ್ರು? ಮಾಸ್ತರ ಅಂತ ಬಿಟ್ರು. ಯಾಕ ಹಿಡದ್ರು? ಮಾರಿ ನೋಡಿ ಹಿಡದ್ರು. ಈ ಇಬ್ರದೂ ಅದ ಮಾರಿ ಐತಿ, ಮಾಸ್ತರಕಿ ಇಲ್ಲ. ಆ ಇಬ್ರನ್ನ ಜಾತಿ ಕೇಳಿ ತಂದಾರ. ಇವ್ರು ನಾಕೂ ಮಂದಿ ಬಂದ್ರ ನಾ ಬರ್ತೀನಿ. ಒಬ್ಬನ ಬರಂಗಿಲ್ಲ."

ಹಾಗೆಂದು ಒಳಗೆ ಹೋಗಿ ಆ ನಾಲ್ವರ ಪಕ್ಕದಲ್ಲಿ, ನೋವಿನ ಮೊಣಕಾಲು ಚಾಚಿಕೊಂಡು, ನೆಲದ ಮೇಲೆ ಕೂತುಬಿಟ್ಟರು.

ಇನ್‌ಸ್ಪೆಕ್ಟರನ ನಯ ಅಲ್ಲಿಗೆ ಮುಗಿಯಿತು. ಹೆಡ್‌ಮಾಸ್ತರರು ಬೇಡಿಕೊಂಡರು, ಬೈದರು, ಶಾಲೆಯ ಮರ್ಯಾದೆ ಎಂದರು, ಕೊನೆಗೆ "ನಮ್ಮ ಕೆಲಸ ಮುಗೀತು, ಹುಡುಗ್ಯಾರು ಮನಿಗೆ ನಡೀರಿ" ಎಂದು ಕೋಟಿನ ಧೂಳು ಕೊಡವಿ ಹೋದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಮಾಸ್ತರಿಗಾಗಿ ಕೂರುವುದು ಸುಲಭವಿತ್ತು. ಈ ನಾಲ್ವರು ಯಾರು?

ನನ್ನ ಪಕ್ಕದ ವಿಮಲಾ ಮೆಲ್ಲಗೆ, "ಪಾರ್ಧ್ಯಾರು ಖರೇನ ಕಳ್ಳರ ಅಲ್ಲೇನ?" ಎಂದಳು.

ಅಮ್ಮನಿಗೆ ಕೇಳಿಸಿತು. "ಯಾರಂದ್ರವಾ ನಿನಗ?"

"ಎಲ್ಲಾರೂ ಅಂತಾರ್ರಿ ಚಿಗವ್ವ."

"ಮಾಸ್ತರಿಗೂ ಇವತ್ತ ಹಂಗ ಅಂದ್ರಲ್ಲ?"

ಅಮ್ಮ ಸಾಲಿನ ತುದಿಗೆ ಬಂದು, ಖೋ-ಖೋದಲ್ಲಿ ಕಂಬ ನೆಡುವ ಜಾಗದಲ್ಲಿ ಪದ್ಮಾಸನ ಹಾಕಿ ಕೂತಳು. ಮನೆಯಲ್ಲಿ ಅತಿಥಿಗಳು ಬಂದರೆ ಅಡುಗೆಮನೆಯಿಂದ ಹೊರಗೆ ಬಾರದ ಹೆಂಗಸು. ಅವಳ ಹಿಂದಿ ತರಕಾರಿ ಕೊಳ್ಳುವಷ್ಟು ಮಾತ್ರ. ಇನ್‌ಸ್ಪೆಕ್ಟರ್ ಬಂದು, "ಅಮ್ಮಾ, ನೀವು ಮರ್ಯಾದಸ್ಥರು, ಇಂಥವರಿಗಾಗಿ ಯಾಕೆ?" ಎಂದಾಗ ಬದನೆಕಾಯಿಗೆ ಹಟ ಹಿಡಿಯುವ ಅದೇ ಧಾಟಿಯಲ್ಲಿ ಹೇಳಿದಳು: "ಹಮ್ ಉಠತೇ ನೈ ಸಾಬ್. ಪಾಂಚ್ ದೇವ್, ಫಿರ್ ಉಠತೇ." ಐವರನ್ನೂ ಕೊಡಿ, ಆಮೇಲೆ ಏಳುತ್ತೇವೆ ಎಂದರ್ಥ.

ಸುದ್ದಿ ಮೊಹಲ್ಲಾ ಮುಟ್ಟಿತು. ಅಲ್ಲಿಯ ಹೆಂಗಸರು ಬಂದರು. ಮಾಸ್ತರರ ತಾಯಿ, ತೀರ ಹಣ್ಣಾದ ಮುದುಕಿ, ಅಮ್ಮನ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು. ಪಾರ್ಧಿ ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ಬಂದು ಮೊದಲು ದೂರದಲ್ಲಿ ನಿಂತರು. ಸರೋಜಾ ಸರಿದು ಜಾಗ ಮಾಡಿಕೊಟ್ಟಳು. ನಮ್ಮ ಸಾಲು ಅಂಗಳ ದಾಟಿ ಬೀದಿಗೆ ಬಂತು. ಬೆದರಿಸಿದರು, ಲಾಠಿಯನ್ನು ನೆಲಕ್ಕೆ ಕುಟ್ಟಿದರು. ಠಾಣೆಯ ಕಡೆ ಮುಖ ಮಾಡಿದವರು ಅದನ್ನು ಕಂಡು ಹೆದರಿದರು, ರಸ್ತೆಯ ಕಡೆ ಮುಖ ಮಾಡಿದ ನಾವು ಮಾತು ಮುಂದುವರಿಸಿದೆವು. ರಾತ್ರಿಯೂಟದ ಹೊತ್ತಿಗೆ ಐವರೂ ಹೊರಬಂದರು. ಎಲ್ಲರಿಗಿಂತ ಹಿಂದೆ ಮಾಸ್ತರು.

ಆ ಸರ ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬರುವ ದಾರಿಯಲ್ಲಿ ಮಾಸ್ತರು ಅಮ್ಮನೊಡನೆ ಮಾತಾಡಿದ್ದು ನೆನಪಿದೆ. ಅವರ ಅಜ್ಜ ಕುದುರೆ ಏರಿ ಹೊರಟರೆ ಇದೇ ರಸ್ತೆಯಲ್ಲಿ ಜನ ಬದಿಗೆ ಸರಿಯುತ್ತಿದ್ದರಂತೆ. ರಾಜ್ಯ ಹೋಯಿತು, ಪಡೆಯನ್ನು ಮುರಿದರು, ಕುದುರೆ ಹೋದವು. "ನಿನ್ನಿತನಕ ರಾಜಾನ್ನ ನಾವ ಕಾಯ್ತಿದ್ವಿ ಬಾಯಾರ. ಈಗ ಊರನ್ನ ನಮ್ಮಿಂದ ಕಾಯಬೇಕಂತ!" ಎಂದು ನಕ್ಕರು. ಊದಿದ ಕೆನ್ನೆ ನೋಯಿತೆಂದು ಕಾಣುತ್ತದೆ, ಅರ್ಧದಲ್ಲೇ ನಿಲ್ಲಿಸಿದರು. ಎಷ್ಟು ಸಲ ಹೀಗೆ ಒಯ್ದಿದ್ದಾರೆ ಎಂದು ಅಮ್ಮ ಕೇಳಿದಳು. ಅವರು ನಾಳೆಯ ಪಂದ್ಯಕ್ಕೆ ಎಷ್ಟು ಹೊತ್ತಿಗೆ ಬರಬೇಕೆಂದು ನಮಗೆ ಹೇಳತೊಡಗಿದರು.

ಮರುದಿನ ನಾವು ಪಂದ್ಯ ಗೆದ್ದೆವೆಂದು ನೀವು ಕಾಯುತ್ತಿದ್ದರೆ ಕ್ಷಮಿಸಿ. ಹೀನಾಯವಾಗಿ ಸೋತೆವು. ಕಾಲು ಹಿಡಿದುಕೊಂಡಿದ್ದವು, ಕೂಗಿ ಕೂಗಿ ನನ್ನ ಗಂಟಲಿನಿಂದ ಖೋ ಎನ್ನುವ ಅಕ್ಷರವೇ ಹೊರಡಲಿಲ್ಲ. ಮಾಸ್ತರು ಬಾವಿಗೆ ಬಿದ್ದವರಂತೆ ಮುಖ ಮಾಡಿ, "ನಿನ್ನೆ ಭಾಳ ಚಲೋ ಕುಂತ್ರಿ ಬಾಯಾರ, ಇವತ್ತ ಏಳೂದ ಮರತ್ರಿ" ಎಂದರು.

ಅಪ್ಪನ ಕಚೇರಿಗೂ ಸುದ್ದಿ ಹೋಯಿತು. ಮೇಲಧಿಕಾರಿ ಕರೆಸಿ, ನಿಮ್ಮ ಮನೆಯವರು ಠಾಣೆಯ ಮುಂದೆ ಯಾಕೆ ಕೂತಿದ್ದರು ಎಂದು ಕೇಳಿದ. ಅಪ್ಪ ಶ್ರೀಕಾಕುಳಂ ರೈಲಿನ ಸಮಯ ವಿಚಾರಿಸಿ ಇಟ್ಟುಕೊಂಡಿದ್ದ ಮನುಷ್ಯ. ಆದರೆ ಆ ಗಳಿಗೆಯಲ್ಲಿ ಅವರ ಬಾಯಿಂದ ಬಂದದ್ದು ಇಷ್ಟೇ: "ಆಕಿ ಸರಕಾರಿ ನೌಕರಳಲ್ಲರಿ." ಅಧಿಕಾರಿ ಫೈಲು ಮುಚ್ಚಿ ಕಳಿಸಿಬಿಟ್ಟನಂತೆ. ಆ ವಾಕ್ಯವನ್ನು ಅಪ್ಪ ಬದುಕಿರುವವರೆಗೂ ಬಂದವರಿಗೆಲ್ಲ ಹೇಳಿದರು. ಹೇಳುವಾಗಲೆಲ್ಲ ಅವರ ಧ್ವನಿ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತ ಬಂತು.

ಶಾಲೆಯ ಕಮಿಟಿ ಅಷ್ಟು ಉದಾರವಾಗಿರಲಿಲ್ಲ. ಆ ವರ್ಷ ಹುಡುಗಿಯರ ಖೋ-ಖೋ ನಿಲ್ಲಿಸಿದರು. ಮಾಸ್ತರು ಇನ್ನು ಬರೀ ಕವಾಯತು ಮಾಡಿಸಬೇಕೆಂದು ಕಮಿಟಿ ಅಪ್ಪಣೆ ಮಾಡಿತು. ಮಾಸ್ತರು ಕವಾಯತು ಮಾಡಿಸಿದರು. ಅತ್ತ ಮೊಹಲ್ಲಾದಲ್ಲಿ ಬೇರೊಂದು ಶುರುವಾಗಿತ್ತು. ಅಂದಿನಿಂದ ಯಾರನ್ನೇ ಕರೆದೊಯ್ದರೂ ಇಡೀ ಓಣಿ ಹಿಂದೆ ಹೋಗಿ ಕೂರತೊಡಗಿತು. ಪಾರ್ಧಿಗಳನ್ನು ಒಯ್ದಾಗಲೂ ಸಿದ್ದಿ ಹೆಂಗಸರು ಹೋದರು. ಬ್ರಿಟಿಷರು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾನೂನು ಮಾಡಿದ್ದರು, ನಿಜಾಮರ ಸೀಮೆಯಲ್ಲೂ ಅದೇ ನಡೆದಿತ್ತು, ಸ್ವಾತಂತ್ರ್ಯ ಬಂದು ಆ ಕಾನೂನು ರದ್ದಾದರೂ ಠಾಣೆಗಳ ಕಣ್ಣು ಬದಲಾಗಿರಲಿಲ್ಲ ಎನ್ನುವುದನ್ನು ನಾನು ಓದಿ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಮಾಸ್ತರು ಅದನ್ನು ಓದಿರಲಿಲ್ಲ, ಆ ಕಣ್ಣನ್ನು ಹತ್ತಿರದಿಂದ ನೋಡಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಮೊಹಲ್ಲಾದ ಒಬ್ಬ ಯುವಕ ಠಾಣೆಯಿಂದ ಮುರಿದ ಕೈಯೊಂದಿಗೆ ಮರಳಿದ. ಅಂದು ನಾಂಪಲ್ಲಿಯ ಕಚೇರಿಗಳವರೆಗೆ ದೊಡ್ಡ ಮೆರವಣಿಗೆ ಹೋಯಿತು. ವಕೀಲರು, ವಿದ್ಯಾರ್ಥಿಗಳು, ಕಾರ್ಖಾನೆಯವರೂ ಸೇರಿದ್ದರು. ಮುಂದೆ ಮರ್ಫಾ, ಅದರ ಹಿಂದೆ ಕುಂಟುತ್ತ ಮಾಸ್ತರು, ಅವರ ಹಿಂದೆ ಸರೋಜಾ ಮತ್ತು ನಾನು. ವಿಚಾರಣೆ ನಡೆಯಿತು. ಕಾರಣ ಹೇಳದೆ, ಮನೆಯವರಿಗೆ ತಿಳಿಸದೆ ಯಾರನ್ನೂ ಕೂರಿಸಬಾರದೆಂಬ ಆಜ್ಞೆ ಬಂತು. ಒಂದಷ್ಟು ಕಾಲ ಪಾಲಿಸಿದರು, ಮತ್ತೆ ಸಡಿಲಬಿಟ್ಟರು. ಮತ್ತೆ ಜನ ಹೋಗಿ ಕೂತರು. ಗೆದ್ದೆವು ಎಂದು ಕೈತೊಳೆದುಕೊಳ್ಳುವ ಕೆಲಸ ಇದಲ್ಲ ಎಂದು ಮಾಸ್ತರು ಹೇಳುತ್ತಿದ್ದರು. ಅವರು ತೀರಿಕೊಂಡಾಗ ನಾನು ಬ್ಯಾಂಕಿನ ಕೆಲಸದ ಮೇಲೆ ವರಂಗಲ್ಲಿನಲ್ಲಿದ್ದೆ. ಪಾರ್ಧಿಗಳು ಬಂದು ಹೆಣ ಹೊತ್ತರೆಂದು ಸರೋಜಾ ಹೇಳಿದಳು.

ಸರಿ, ಬಿಸಿಲೇರಿತು, ಮನೆಯ ಕಡೆ ಹೆಜ್ಜೆ ಹಾಕೋಣ. ಇದನ್ನೆಲ್ಲ ಇಷ್ಟು ಬಿಸಿಯಾಗಿ ಹೇಳಲು ಇನ್ನೊಂದು ಕಾರಣವೂ ಇದೆ. ಹೋದ ವಾರ ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಒಬ್ಬ ಹುಡುಗಿ ಬಂದಿದ್ದಾಳೆ. ಹೆಸರು ಅಮಲ್, ಸುಡಾನಿನವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಏಳೆಂಟು ಮನೆಗಳಲ್ಲಿ "ಖಾಲಿ ಇಲ್ಲ" ಎನ್ನಿಸಿಕೊಂಡು ನಮ್ಮ ಮನೆಗೆ ಬಂದಿದ್ದಳು. ಬಂದ ಮೂರನೆಯ ದಿನವೇ ಎದುರು ಮನೆಯ ರಾವ್‌ಗಾರು ಒಬ್ಬ ಪೊಲೀಸನನ್ನು ಕರೆದುಕೊಂಡು ಬಂದರು. ವಯಸ್ಸಿನಲ್ಲಿ ಚಿಕ್ಕವನು, ವಿನಯವಂತ. ನಾನು ಕೊಟ್ಟ ಚಹಾ ಕುಡಿದ.

"ಮೇಡಂ, ಇಂಥವರಿಗೆ ಮನೆ ಕೊಡಬೇಡಿ" ಎಂದ ತೆಲುಗಿನಲ್ಲಿ. "ನಾಳೆ ಓಣಿಯಲ್ಲಿ ಏನಾದರೂ ಆದರೆ ನಾವು ಮೊದಲು ನಿಮ್ಮ ಮನೆಗೇ ಬರಬೇಕಾಗುತ್ತದೆ."

"ಬನ್ನಿ" ಎಂದೆ. "ಆದರೆ ಈ ಓಣಿಯಲ್ಲಿ ಇಷ್ಟು ಮನೆಗಳಿರುವಾಗ ಮೊದಲು ಇಲ್ಲಿಗೇ ಯಾಕೆ ಎನ್ನುವುದನ್ನು ಈಗಲೇ ಹೇಳಿ. ರಾವ್‌ಗಾರೂ ಕೇಳಲಿ."

ಅವನು ರಾವ್‌ಗಾರ ಮುಖ ನೋಡಿದ. ರಾವ್‌ಗಾರು ತಮ್ಮ ಚಪ್ಪಲಿ ನೋಡಿಕೊಂಡರು. ಪೊಲೀಸ ಲೋಟ ಕೆಳಗಿಟ್ಟು ಎದ್ದ, ಇಬ್ಬರೂ ಹೋದರು.

ಮೆಟ್ಟಿಲ ಮೇಲೆ ನಿಂತು ಅಮಲ್ ಎಲ್ಲವನ್ನೂ ನೋಡಿದ್ದಳು. ತೆಲುಗು ತಿಳಿಯದಿದ್ದರೂ ವಿಷಯ ತಿಳಿಯದಿರಲು ಅವಳೇನು ಮಗುವೇ? ಕೆಳಗೆ ಬಂದು ಇಂಗ್ಲಿಷಿನಲ್ಲಿ, "ಆಂಟಿ, ನಾನು ಬೇರೆ ಮನೆ ಹುಡುಕಲಾ?" ಎಂದು ಕೇಳಿದಳು, ಆಗಲೇ ಅರ್ಧ ಗಂಟು ಕಟ್ಟಿದವಳ ದನಿಯಲ್ಲಿ.

ಒಳಗೆ ಹೋಗಿ, ಬೀದಿ ಗೇಟಿನ ಇನ್ನೊಂದು ಕೀಲಿಕೈ ಹುಡುಕಿ ತಂದು ಅವಳ ಅಂಗೈಯಲ್ಲಿಟ್ಟು, ಕೈ ತಿರುವಿ ತೋರಿಸುತ್ತ, "ತುಸು ಬಿಗಿ ಐತವ್ವಾ, ಎತ್ತಿ ತಿರುವಬೇಕು" ಎಂದೆ. ಕನ್ನಡದಲ್ಲಿ ಹೇಳಿದ್ದೆ ಎಂದು ಆಮೇಲೆ ಗೊತ್ತಾಯಿತು. ಅವಳು ಹೋಗಿ ಗೇಟಿನ ಬೀಗಕ್ಕೆ ಹಾಕಿ, ಎತ್ತಿ ತಿರುವಿ ನೋಡಿದಳು. ತೆರೆಯಿತು.